ಹಿರಿಯಾಕಿಯ ಕಾಯಕ

ಮಂಗಳವಾರ ಬೆಳಿಗ್ಗೆ 9.40ಕ್ಕೆ ಮರಡಿಹಾಳದ ನಿಜಗುಣಪ್ಪ ರಾಮದುರ್ಗ ಅವರ ಎರೆ ಹೊಲದಲ್ಲಿ ಕೃಷಿ ಹೊಂಡ ತೋಡುತ್ತಿದ್ದ ಜೆಸಿಬಿಯ ಬಕೆಟ್ಟಿಗೆ ಒಂದು ಚಪ್ಪಡಿ ಕಲ್ಲು ತಗುಲಿತು. ಕಲ್ಲಿನ ಕೆಳಗೆ ಒಬ್ಬ ಮನುಷ್ಯ ಕುಳಿತಿದ್ದ.

ಯಂತ್ರ ನಡೆಸುತ್ತಿದ್ದ ಮಧು ಇಂಜಿನ್ ಬಂದ್ ಮಾಡಿ, ಕೆಳಗಿಳಿದು, ದೂರ ಹೋಗಿ ನಿಂತ. ತಗ್ಗಿಗೆ ಇಳಿದು ನೋಡುವ ಕೆಲಸ ಮಾಳಪ್ಪನ ಪಾಲಿಗೆ ಬಂತು. ಆ ಹೊಲದಲ್ಲಿ ಇಳಿದು ನೋಡುವ, ಹತ್ತಿ ನೋಡುವ ಕೆಲಸಗಳೆಲ್ಲ ಅವನ ಪಾಲಿಗೇ ಬರುತ್ತಿದ್ದವು. ಅವನೂ ಅವನ ಹೆಂಡತಿ ರಾಮವ್ವನೂ ಮದುವೆಯಾದಾಗಿನಿಂದ ನಿಜಗುಣಪ್ಪನವರ ಹೊಲದಲ್ಲಿ ದುಡಿಯುತ್ತಿದ್ದರು.

"ಯಾರೋ ಕುಂತಾರ್ರಿ, ಸಾವ್ಕಾರ್ರ," ಎಂದು ಮಾಳಪ್ಪ ಕೆಳಗಿನಿಂದ ಕೂಗಿದ.

"ಕುಂತಾರೋ ಮಲಗ್ಯಾರೋ? ಸರಿಯಾಗಿ ನೋಡಿ ಹೇಳೋ."

"ಕುಂತಾರ್ರಿ. ಮೊಣಕಾಲು ಎದಿಗೆ ಹತ್ಯಾವು. ಬುರುಡಿ ಮೊಣಕಾಲ ಮ್ಯಾಲೆ ಬಿದ್ದೈತಿ. ಬಸ್ಸಿನ್ಯಾಗ ನಿದ್ದಿ ಹತ್ತಿದಂಗ."

"ಪೊಲೀಸರಿಗೆ ಹೇಳ್ರಿ," ಎಂದ ಮಧು. "ಇಲ್ಲಂದ್ರ ನನ್ನ ಗಾಡಿ ಒಯ್ದು ಠಾಣೆ ಮುಂದ ನಿಲ್ಲಸ್ತಾರ."

ನಿಜಗುಣಪ್ಪ ಅವನ ಮಾತು ಕೇಳಿಸಿಕೊಳ್ಳಲಿಲ್ಲ. ಚಪ್ಪಲಿ ಕಳಚಿಟ್ಟು, ತಲೆಯ ಮೇಲಿನ ಟೋಪಿ ಸರಿಮಾಡಿಕೊಂಡು, ತಗ್ಗಿನ ದಂಡೆಯಲ್ಲಿ ನಿಂತು ಕೈಮುಗಿದರು. ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸಿ ಹೂಳುವುದಿಲ್ಲ, ಕೂರಿಸಿ ಹೂಳುತ್ತಾರೆ. ಆದ್ದರಿಂದ ಅರವತ್ತೆಂಟು ವರ್ಷದ ನಿಜಗುಣಪ್ಪನವರಿಗೆ ವಿಷಯ ಸ್ಪಷ್ಟವಾಗಿತ್ತು. ಹೊಲ ತಮ್ಮದು, ಹೊಲದಲ್ಲಿ ಕುಳಿತವರು ತಮ್ಮವರು.

ಅವರ ಅವಸರಕ್ಕೆ ಕಾರಣವಿತ್ತು. ಅವರ ಮುತ್ಯಾನ, ಅಂದರೆ ಅಜ್ಜನ, ಅಪ್ಪ ರಾಮದುರ್ಗದಿಂದ ಚಕ್ಕಡಿಯಲ್ಲಿ ಸೀರೆ ಹೇರಿಕೊಂಡು ಈ ಕಡೆ ಮಾರಲು ಬಂದವರು. ಸೀರೆ ಖಾಲಿಯಾದರೂ ತಿರುಗಿ ಹೋಗಲಿಲ್ಲ. ಆಮೇಲೆ ಹೊಲ ಬಂತು, ಬೈಲಹೊಂಗಲದ ಮಾರುಕಟ್ಟೆಯಲ್ಲಿ ಶೇಂಗಾ ಅಡತಿ ಬಂತು, ಎರಡಂತಸ್ತಿನ ಮನೆ ಬಂತು. ಆದರೆ ಊರವರ ಬಾಯಲ್ಲಿ ಅದು ಇಂದಿಗೂ ರಾಮದುರ್ಗದವರ ಮನೆ. ಅಡ್ಡಹೆಸರೂ ರಾಮದುರ್ಗ, ಆಧಾರ್ ಕಾರ್ಡಿನಲ್ಲೂ ರಾಮದುರ್ಗ. ನೂರು ವರ್ಷದ ಮೇಲೂ ಮನುಷ್ಯ ಯಾವ ಬಸ್ಸಿನಲ್ಲಿ ಬಂದ ಎಂದು ಬೆನ್ನಿಗೆ ಬರೆದುಕೊಂಡು ತಿರುಗಿದಂತೆ ಅದು.

ಊರಿನ ಕಲ್ಮೇಶ್ವರ ದೇವಸ್ಥಾನದ ಸೇವಾ ಸಮಿತಿಯ ಅಧ್ಯಕ್ಷಸ್ಥಾನ ದೀಪಾವಳಿಯಿಂದ ಖಾಲಿ ಇತ್ತು. ಆ ಕುರ್ಚಿಯಲ್ಲಾಗಲಿ ಸಮಿತಿಯಲ್ಲಾಗಲಿ ಕೂರುವವನ ಮನೆತನದ ಒಬ್ಬ ಹಿರಿಯನ ಗದ್ದುಗೆ, ಅಂದರೆ ಸಮಾಧಿ, ಊರಿನ ಸೀಮೆಯೊಳಗೆ ಇರಬೇಕು ಎಂಬುದು ಅಲ್ಲಿಯ ರೂಢಿ. ಹೊರಗಿನಿಂದ ಬಂದವರು ದೇವರ ಲೆಕ್ಕ ನೋಡಬಾರದು ಎಂದು ಯಾರೋ ಯಾವಾಗಲೋ ಮಾಡಿಟ್ಟ ಏರ್ಪಾಡು. ದೇವಸ್ಥಾನಕ್ಕೆ ಹಂಚು, ಗಂಟೆ, ನೀರಿನ ಟಾಕಿ, ಮೈಕು ಎಲ್ಲ ಕೊಟ್ಟವರು ನಿಜಗುಣಪ್ಪ. ಸಭೆಯಲ್ಲಿ ಅವರು ಕೂರುವುದು ಮಾತ್ರ ಹೊರಗಿನ ಕಟ್ಟೆಯ ಮೇಲೆ. ಅವರ ತಂದೆಯೂ ಸಾಯುವತನಕ ಅದೇ ಕಟ್ಟೆಯ ಮೇಲೆ ಕೂತಿದ್ದರು. ಅವರ ಮನೆಯಲ್ಲಿ ತೀರಿಕೊಂಡವರನ್ನೆಲ್ಲ ರೂಢಿಯಂತೆ ರಾಮದುರ್ಗಕ್ಕೆ ಒಯ್ದು ಅಲ್ಲಿಯ ತೋಟದಲ್ಲಿ ಮಣ್ಣು ಮಾಡಿದ್ದರಿಂದ ಮರಡಿಹಾಳದಲ್ಲಿ ತೋರಿಸಲು ಒಂದು ಗದ್ದುಗೆಯೂ ಇರಲಿಲ್ಲ. ಹೊಸ ಅಧ್ಯಕ್ಷರ ಆಯ್ಕೆಯ ಸಭೆ ಶಿವರಾತ್ರಿ ಕಳೆದ ಮೇಲಿನ ಭಾನುವಾರಕ್ಕೆ ನಿಗದಿಯಾಗಿತ್ತು.

ಆ ಮಂಗಳವಾರ ಮಧ್ಯಾಹ್ನ ಪೊಲೀಸರು ಬಂದು ನೋಡಿ, ಇದು ತಮ್ಮ ಕಾಲದ ಪ್ರಕರಣವಲ್ಲ ಎಂದು ಹೋದರು. ತಹಶೀಲ್ದಾರರ ಕಚೇರಿಯಿಂದ ಬಂದವರು ಹೊಂಡದ ಕೆಲಸ ನಿಲ್ಲಿಸಿ, ಧಾರವಾಡದ ಪುರಾತತ್ವ ಇಲಾಖೆಗೆ ತಿಳಿಸಿರುವುದಾಗಿ ಹೇಳಿದರು. ಬುಧವಾರ ಮುಂಜಾನೆ, ಧಾರವಾಡದವರು ಬರುವ ಮೊದಲೇ, ನಿಜಗುಣಪ್ಪ ಮಠದ ಸ್ವಾಮಿಗಳಾದ ಅಜ್ಜಾರನ್ನು ಕಾರಿನಲ್ಲಿ ಕರೆತಂದರು.

ಹೆಂಡತಿ ಚನ್ನವ್ವ ಪೂಜೆಯ ತಾಟು ಹಿಡಿದುಕೊಂಡು ಬಂದಿದ್ದರೂ ಅವರ ಮನಸ್ಸಿನಲ್ಲಿ ಒಂದು ತಕರಾರಿತ್ತು.

"ನಿಮ್ಮ ಮುತ್ಯಾನ ಅಪ್ಪ ಇಲ್ಲಿಗೆ ಬಂದಾಗ ಈ ಹೊಲ ಪಾಟೀಲರದು ಅಂತ ನೀವ ಹೇಳತಿದ್ರಿ. ಅವರ ಹೊಲದಾಗ ನಮ್ಮವರು ಯಾಕ ಕುಂತಿದ್ರು?"

"ಅದಕ್ಕೂ ಹಿಂದಿನವರಿವರು. ನಾವು ಇಲ್ಲಿಂದನ ರಾಮದುರ್ಗಕ್ಕ ಹೋಗಿ, ತಿರುಗಿ ಬಂದೇವಿ."

"ಇದನ್ನ ನಿಮಗ ಯಾರ ಹೇಳಿದರು?"

"ಯಾರ ಹೇಳಬೇಕ? ಕಣ್ಣ ಮುಂದ ಕುಂತಾರಲ್ಲ."

ಅಜ್ಜಾರು ಎಂಬತ್ತರ ಸಮೀಪದವರು, ಹೆಚ್ಚು ಪ್ರಶ್ನೆ ಕೇಳುವವರಲ್ಲ. ಭಕ್ತ ಕರೆದ, ಬಂದರು. ವಿಭೂತಿ ಹಚ್ಚಲಾಯಿತು, ಬಿಲ್ವಪತ್ರೆ ಏರಿಸಲಾಯಿತು. ಮಣ್ಣು ಮಾಡುವಾಗ ಜಂಗಮರು ಸತ್ತವರ ತಲೆಯ ಮೇಲೆ ಪಾದ ಇಡುವುದು ಸಂಪ್ರದಾಯ. ಮಾಳಪ್ಪನ ಭುಜ ಹಿಡಿದು ತಗ್ಗಿಗೆ ಇಳಿದ ಅಜ್ಜಾರು ಬಲಪಾದದ ಹೆಬ್ಬೆರಳನ್ನು ಬುರುಡೆಗೆ ಮೆಲ್ಲಗೆ ತಾಗಿಸಿದರು. ದಂಡೆಯ ಮೇಲೆ ಅರ್ಧ ಊರು ನಿಂತಿತ್ತು, ನಿಲ್ಲಲೆಂದೇ ನಿಜಗುಣಪ್ಪ ಹೇಳಿಕಳಿಸಿದ್ದರು. ಸಮಿತಿಯ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಮಾಂತೇಶಗೌಡ ಪಾಟೀಲನೂ ಬಂದು, ಕೈಕಟ್ಟಿ ನಿಂತು, ಪ್ರಸಾದ ತಿಂದು ಹೋದ. ಅವನ ಮನೆತನದ ಗದ್ದುಗೆಗಳು ಊರಿನ ಸೀಮೆಯಲ್ಲಿ ಏಳಿದ್ದವು.

ಧಾರವಾಡದ ತಂಡ ಗುರುವಾರ ಬಂತು. ಅದರಲ್ಲಿ ಎಲುಬಿನ ತಜ್ಞೆಯಾಗಿ ಬಂದವರು ಮಹಾನಂದಾ ಎಂಬ ನಲವತ್ತರ ಹೆಣ್ಣುಮಗಳು. ಸವದತ್ತಿ ಕಡೆಯವರು. ತಾಡಪತ್ರಿಯ ಚಪ್ಪರದ ಕೆಳಗೆ ಮಂಡಿಯೂರಿ ಕೂತು ನೋಡಿದವರೇ ತಲೆ ಎತ್ತಿದರು.

"ಇದಕ್ಕ ವಿಭೂತಿ ಹಚ್ಚಿದವರು ಯಾರು?"

"ನಾವ ಹಚ್ಚೇವ್ರಿ," ಎಂದರು ನಿಜಗುಣಪ್ಪ. "ನಮ್ಮ ಹಿರಿಯರು."

"ಎಲುವಿಗೆ ಏನೂ ಹಚ್ಚಬಾರದ್ರಿ, ಸರ. ಈಗ ನಾ ಬ್ರಷ್ ತಗೊಂಡು ಒಂದೊಂದ ಕಣ ಬಿಡಸಬೇಕು."

"ಬಿಡಸ್ರಿ. ಕೆಳಗ ಮಾತ್ರ ಒಗೀಬ್ಯಾಡ್ರಿ."

ಮಹಾನಂದಾ ವಿಭೂತಿಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕೂಡಿಸಿ, ಬಾಯಿ ಮುಚ್ಚಿ, ನಿಜಗುಣಪ್ಪನವರ ಕೈಗೆ ಕೊಟ್ಟರು. ಅವರು ಅದನ್ನು ಕಣ್ಣಿಗೊತ್ತಿಕೊಂಡು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು.

ಕೆಲಸ ಎರಡು ವಾರ ನಡೆಯಿತು. ಮೊದಲ ವಾರದಲ್ಲೇ ಹತ್ತು ಹೆಜ್ಜೆಯಾಚೆ ಇನ್ನೊಂದು ಕುಣಿ ಸಿಕ್ಕಿತು. ಅದು ದೊಡ್ಡದು, ನಾಲ್ಕೂ ಕಡೆ ಆಳೆತ್ತರದ ಚಪ್ಪಡಿ ನಿಲ್ಲಿಸಿ ಕೋಣೆಯಂತೆ ಮಾಡಿದ್ದು. ಅದರೊಳಗೆ ಒಬ್ಬ ಅಂಗಾತ, ಕಾಲು ಚಾಚಿ ಮಲಗಿದ್ದ. ಕೊರಳ ಹತ್ತಿರ ಕೆಂಪು ಕಲ್ಲಿನ ಮಣಿಗಳು, ಪಕ್ಕದಲ್ಲಿ ತುಕ್ಕು ಹಿಡಿದ ಕಬ್ಬಿಣದ ಅಲಗು, ಕಾಲ ಬಳಿ ಒಳಗೆ ಕಪ್ಪು ಹೊರಗೆ ಕೆಂಪು ಬಣ್ಣದ ಗಡಿಗೆಗಳು. ನಿಜಗುಣಪ್ಪ ಒಮ್ಮೆ ಇಣುಕಿದರು. ಮಲಗಿದ್ದಾನೆಂದು ಕಂಡ ಕೂಡಲೇ ಆಸಕ್ತಿ ಕಳೆದುಕೊಂಡು ತಿರುಗಿ ಬಂದರು.

ಅವರಿಗೆ ಬೇಕಾದದ್ದು ಕುಳಿತವರ ಸುದ್ದಿ. ದಿನಾಲು ಚಹಾ ತರಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಚಪ್ಪರದ ಬಾಯಲ್ಲಿ ಕೂರುತ್ತಿದ್ದರು. ಒಂದು ದಿನ ಮಹಾನಂದಾ ತಾವಾಗಿಯೇ ಮಾತು ತೆಗೆದರು. ರಾಮವ್ವ ಚಹಾದ ಕಿಟ್ಲಿ ಹಿಡಿದು ಅಲ್ಲೇ ನಿಂತಿದ್ದಳು. ಮಾಳಪ್ಪ ಮಣ್ಣಿನ ಬುಟ್ಟಿ ಇಳಿಸಿ ಬೆವರು ಒರೆಸಿಕೊಳ್ಳುತ್ತಿದ್ದ.

"ಮೊದಲನೇದು, ಕುಂದರಿಸಿಲ್ರಿ ಸರ. ಮಡಚ್ಯಾರ. ಕುಂದರಿಸಿದ್ರ ಚಕ್ಕಳಮಕ್ಕಳ ಇರತಿತ್ತು. ಇಲ್ಲಿ ಮೊಣಕಾಲು ಎದಿಗೆ ಒತ್ತಿ ಹಗ್ಗದಲೆ ಬಿಗದಂಗೈತಿ. ತಗ್ಗು ಸಣ್ಣದು."

"ಸಣ್ಣದ್ಯಾಕ?"

"ಗೊತ್ತಿಲ್ರಿ. ಪದ್ಧತಿ ಇರಬಹುದು. ಅಗಿಯಾವರಿಗೆ ಬ್ಯಾಸರ ಆಗಿರಬಹುದು."

ನಿಜಗುಣಪ್ಪ ಕುರ್ಚಿ ಮುಂದಕ್ಕೆ ಎಳೆದುಕೊಂಡರು. "ಮಡಚಿ ಕುಂದರಿಸಿದ್ರೂ ಕುಂದರಿಸಿದಂಗನ ಅಲ್ರಿ?"

"ಎರಡನೇದು, ಇವರು ಹಿರಿಯರಲ್ರಿ. ಹಿರಿಯಾಕಿ. ಸೊಂಟದ ಎಲುವು ಹೆಂಗಸಿಂದು. ಮೂವತ್ತೈದು ದಾಟಿದಾಕಿ, ನಲವತ್ತೈದರ ಒಳಗ."

ಹತ್ತು ದಿನದಿಂದ ತಾವು ಅಪ್ಪಾರು, ಅಪ್ಪಾರು ಎಂದು ಕೈಮುಗಿದದ್ದು ನಿಜಗುಣಪ್ಪನವರಿಗೆ ನೆನಪಾಯಿತು. ಆದರೆ ಮಾರುಕಟ್ಟೆಯಲ್ಲಿ ಐವತ್ತು ವರ್ಷ ನಿಂತವರು, ದರ ಇಳಿದಾಗ ಮುಖ ಇಳಿಸುವವರಲ್ಲ.

"ಶರಣಿ ಇರಬೇಕು," ಎಂದರು. "ಪೂಜಿ, ಧ್ಯಾನ ಮಾಡಿಕೋತ ಇದ್ದಾಕಿ. ಅದೂ ಎಲುವಿನ್ಯಾಗ ಗೊತ್ತಾಗತೈತೇನ್ರಿ?"

"ಧ್ಯಾನ ಗೊತ್ತಾಗೂದಿಲ್ರಿ. ದುಡಿತ ಗೊತ್ತಾಗತೈತಿ." ಮಹಾನಂದಾ ಒಂದೊಂದೇ ಎಲುಬನ್ನು ಎತ್ತಿ, ತೋರಿಸಿ, ಮತ್ತೆ ಹತ್ತಿಯ ಮೇಲೆ ಇಟ್ಟರು. "ಇದು ಕತ್ತಿನ ಮಣಿ. ಅಂಚು ನೋಡ್ರಿ, ಸವದು, ಮುಳ್ಳಿನಂಗ ಬೆಳದೈತಿ. ಕತ್ತಿನ್ಯಾಗ ಇಷ್ಟು ಸವದೈತಿ, ಹೆಗಲಿನ ಕಡೆ ಅಷ್ಟಿಲ್ಲ. ಅಂದ್ರ ಭಾರಾ ತಲಿ ಮ್ಯಾಲೆ ಹೊತ್ತಿರಬೇಕು. ಸಣ್ಣಾಕಿ ಇದ್ದಾಗಿಂದ. ಇದು ಹಿಮ್ಮಡದ ಮ್ಯಾಲಿನ ಎಲುವು. ಕುಕ್ಕರಗಾಲಿಲೆ ಕುಂತ ಕೆಲಸ ಮಾಡಿ ಮಾಡಿ ಇಲ್ಲಿ ಚಪ್ಪಟಿ ಗುರುತು ಬಿದ್ದೈತಿ. ಇವು ಹಲ್ಲು. ಅಡ್ಡ ಗೆರಿ ಕಾಣತಾವಲ್ಲ? ಕೂಸಿದ್ದಾಗ ಒಂದೆರಡು ಸಲ ಹೊಟ್ಟಿಗಿಲ್ಲದ ಇದ್ದಳು, ಇಲ್ಲಾ ದೊಡ್ಡ ಜಡ್ಡು ಬಂದಿತ್ತು. ಎರಡರಾಗ ಯಾವುದು ಅಂತ ಹೇಳಾಕ ಬರೂದಿಲ್ಲ."

ರಾಮವ್ವ ಕಿಟ್ಲಿ ಕೆಳಗಿಟ್ಟು ಕತ್ತಿನ ಮಣಿಯ ಹತ್ತಿರ ಬಗ್ಗಿದಳು.

"ಇಕಿಗೆ ರಾತ್ರಿ ಕೈ ಜೋಮು ಹಿಡೀತಿತ್ತೇನ್ರಿ ಅಕ್ಕಾರ?"

"ಹಿಡದಿರಬಹುದು. ಯಾಕ?"

"ನನಗ ಹಿಡೀತೈತಿ. ಬೈಲಹೊಂಗಲದ ಡಾಕ್ಟರು ಫೋಟೋ ತಗದು ನನಗೂ ಇದನ್ನ ತೋರಿಸಿದ್ರು. ಮುಳ್ಳ ಬೆಳದೈತಿ, ಹೊರಿ ಹೊರಬ್ಯಾಡ ಅಂದ್ರು." ಅವಳು ನಿಜಗುಣಪ್ಪನವರ ಕಡೆ ತಿರುಗಿದಳು. "ಸಾವ್ಕಾರ್ರ ಹಿರಿಯಾಕಿಗೂ ನನಗೂ ಒಂದ ಬ್ಯಾನಿ ನೋಡ್ರಿ."

"ನೀ ಚಹಾ ಹಾಕು," ಎಂದರು ನಿಜಗುಣಪ್ಪ.

ಚಹಾ ಅರ್ಧ ಕುಡಿದ ಮೇಲೆ ಅವರು ಕೆಮ್ಮಿ ಗಂಟಲು ಸರಿಮಾಡಿಕೊಂಡು, ಸಹಜವಾಗಿ ಕೇಳಿದಂತೆ ಕೇಳಿದರು.

"ಆ ಇನ್ನೊಬ್ಬಾಂವ? ಮಲಗಿದಾಂವ?"

"ಅಂವ ಗಂಡಸ್ರಿ. ಎತ್ತರದ ಆಳು. ಐವತ್ತು ದಾಟಿ ಬದುಕ್ಯಾನ. ಎಲುವು ನುಣ್ಣಗದಾವು, ಸ್ನಾಯು ಜಗ್ಗಿದ ಗುರುತು ಕಡಿಮಿ. ಹಲ್ಲಿನ ಮ್ಯಾಲೆ ಗೆರಿ ಇಲ್ಲ. ಆದ್ರ ದವಡಿ ಹಲ್ಲು ಹುಳುಕ."

"ಅಂದ್ರ ಏನ ಮಾಡತಿದ್ದಾ?"

"ಭಾರಾ ಹೊರೂ ಕೆಲಸ ಮಾಡಿಲ್ರಿ. ಬ್ಯಾರೆ ಏನ ಮಾಡತಿದ್ದಾ ಅಂತ ಎಲುವು ಹೇಳೂದಿಲ್ಲ."

"ಸಾವ್ಕಾರ ಇದ್ನಂತ ಹೇಳ್ರಲ್ಲ," ಎಂದಳು ರಾಮವ್ವ, "ಸುತ್ತಿ ಬಳಸಿ ಯಾಕ?"

ಮಾಳಪ್ಪ ನಗಲಿಲ್ಲ. ಖಾಲಿ ಬುಟ್ಟಿ ಎತ್ತಿಕೊಂಡು ಇನ್ನೊಂದು ಕುಣಿಯ ಕಡೆ ನಡೆದ. ಅಲ್ಲಿ ಅವನು ಬಹಳ ಹೊತ್ತು ನಿಂತಿದ್ದನ್ನು ನಿಜಗುಣಪ್ಪ ಗಮನಿಸಿದರು. ಕೆಲಸಗಳ್ಳತನ ಎಂದುಕೊಂಡರು.

ಆ ಸಂಜೆ ಅವರು ಮಠಕ್ಕೆ ಹೋದರು. ಅಜ್ಜಾರು ಹಾಲು ಅನ್ನ ಉಣ್ಣುತ್ತಿದ್ದರು.

"ಅಜ್ಜಾರ, ಒಂದ ಸಣ್ಣ ತಿದ್ದುಪಡಿ ಐತಿ. ನಮ್ಮ ಹಿರಿಯರು ಆ ಇನ್ನೊಂದ ಕುಣಿಯಾಗ ಇದ್ದಂಗ ಕಾಣತೈತಿ."

"ಅಂವ ಮಲಗ್ಯಾನಂತಲ್ಲಪಾ."

"ಮೊದಲ ಕುಂತಿದ್ದಿರಬೇಕ್ರಿ. ಆಮ್ಯಾಲೆ ಜಾರ್ಯಾನ."

ಅಜ್ಜಾರು ತುತ್ತು ನುಂಗಿ, ನೀರು ಕುಡಿದು, ಹೇಳಿದರು. "ನಿಜಗುಣಾ, ಪಾದ ಇಟ್ಟದ್ದು ಇಟ್ಟಂಗ. ಇಲ್ಲಿಂದ ತಗದು ಅಲ್ಲಿ ಇಡಾಕ ಅದು ಸ್ಟೂಲ ಅಲ್ಲ. ಆಕಿ ನಿಮ್ಮಾಕಿ ಅಂತ ನೀನ ಹೇಳಿದಿ. ಊರು ಕೇಳೇತಿ."

"ಆಕಿ ಹೊರಿ ಹೊರತಿದ್ಲಂತ್ರಿ."

"ಹೊರಲಿ ಬಿಡು. ನಿನ್ನ ಮುತ್ಯಾನ ಅಪ್ಪ ಸೀರಿ ಹೊತ್ತಕೊಂಡ ಬರಲಿಲ್ಲೇನು?"

"ಅಂವ ಚಕ್ಕಡ್ಯಾಗ ಬಂದಾನ್ರಿ," ಎಂದರು ನಿಜಗುಣಪ್ಪ. ಅಜ್ಜಾರು ಇನ್ನೊಂದು ತುತ್ತು ಕಲಸಿದರು.

ಮನೆಗೆ ಬಂದಾಗ ಚನ್ನವ್ವ ಬಾಗಿಲಲ್ಲೇ ಕೇಳಿದರು. "ಏನಾತು?"

"ಹೆಂಗಸ ಅಂತ."

"ಗೊತ್ತೈತಿ. ರಾಮವ್ವ ಹೇಳಿ ಹೋದ್ಲು. ಊರಿಗೆಲ್ಲಾ ಹೇಳ್ಯಾಳ." ಚನ್ನವ್ವ ಅವರ ಕೈಗೆ ನೀರಿನ ತಂಬಿಗೆ ಕೊಟ್ಟರು. "ಪಾಪ, ಅಂಥಾಕಿಗೆ ಇಷ್ಟ ವರ್ಷದ ಮ್ಯಾಲಾದ್ರೂ ಒಬ್ರು ಕೈ ಮುಗದ್ರು. ಅದರಾಗ ನಿಮ್ಮದೇನ ಹೋತು?"

ನಿಜಗುಣಪ್ಪನವರದು ಏನು ಹೋಗುತ್ತದೆ ಎಂಬುದು ಶಿವರಾತ್ರಿಯ ಮರುದಿನ ತಿಳಿಯಿತು. ಬಸ್ ನಿಲ್ದಾಣದ ಬಳಿ, ನೇಸರಗಿಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ಜನರ ಎದುರಿನಲ್ಲಿ, ಮಾಂತೇಶಗೌಡ ಮೋಟರ್‌ಸೈಕಲ್ ನಿಲ್ಲಿಸಿದ.

"ಕಾಕಾ, ಭಾನುವಾರ ನಿಲ್ಲಾವರನ ಹೌದಿಲ್ಲೋ?"

"ನಿಲ್ಲಾಂವ್ರಿ ಗೌಡ್ರ. ಗದ್ದುಗಿ ಐತಿ."

"ಐತಿ, ಐತಿ. ನಾ ಎಲ್ಲೆ ಇಲ್ಲ ಅಂದೆ? ಆದ್ರ ಬರೇ ಗದ್ದುಗಿ ತೋರಿಸಿದ್ರ ಆಗೂದಿಲ್ಲ. ಮೆಟ್ಟಲ ಮ್ಯಾಲೆ ನಿಂತು ಹಿರಿಯರ ಕಾಯಕನೂ ಹೇಳಬೇಕು. ಹೇಳಿ, ಮರುದಿನ ಸೋಮವಾರ ದೇವರ ಅಂಗಳದಾಗ ಅದನ್ನ ಮಾಡಿ ತೋರಿಸಬೇಕು. ಮರತೀರಿ ಅಂತ ನೆನಪು ಮಾಡಾಕ ಬಂದೆ."

ಅದೂ ರೂಢಿಯೇ. ಕಾಯಕ ಎಂದರೆ ದುಡಿಮೆ, ಹಿರಿಯನು ಯಾವ ದುಡಿಮೆಯಿಂದ ಬದುಕಿದನೋ ಅದು. ಹಿಂದಿನ ಅಧ್ಯಕ್ಷ ಗಾಣಿಗರ ಮನೆಯವನು. ಊರಿನಲ್ಲಿ ಗಾಣ ಉಳಿದಿರಲಿಲ್ಲವಾದ್ದರಿಂದ ಕುಸುಬೆ ಎಣ್ಣೆಯ ಪಾಕೀಟು ಕತ್ತರಿಯಿಂದ ಕತ್ತರಿಸಿ ದೀಪಕ್ಕೆ ಸುರಿದ, ಊರು ಒಪ್ಪಿತು. ಪಾಟೀಲರ ಮನೆಯವರು ಅಧ್ಯಕ್ಷರಾದಾಗಲೆಲ್ಲ ಇನ್ನೂ ಸುಲಭ. ಕಿತ್ತೂರು ಸಂಸ್ಥಾನದ ಕಾಲದಿಂದ ಅವರದು ಗೌಡಕಿ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಮಧ್ಯಾಹ್ನದತನಕ ನಾಲ್ಕು ಮಂದಿಯನ್ನು ಗದರಿಸಿದರೆ ಕಾಯಕ ಮುಗಿಯುತ್ತಿತ್ತು.

"ನಿಮ್ಮ ಹಿರಿಯಾಕಿ ಹೊರಿ ಹೊರತಿದ್ಲಂತಲ್ಲ ಕಾಕಾ," ಎಂದ ಮಾಂತೇಶಗೌಡ, ಗಾಡಿಗೆ ಕಿಕ್ ಹೊಡೆಯುತ್ತ. "ಅಂಗಳದ ಕಂಪೌಂಡಿನ ಕೆಲಸ ನಡದೈತಿ. ಕಲ್ಲು ಬಿದ್ದಾವು. ಭಾಳೇನಿಲ್ಲ, ಎರಡು ಟ್ರ್ಯಾಕ್ಟರ್."

ನಿಜಗುಣಪ್ಪನವರಿಗೆ ಎರಡು ದಾರಿಯಿದ್ದವು. ನಿಲ್ಲದೆ ಇರಬಹುದಿತ್ತು. ಆಗ ಅವರು ರಾಮದುರ್ಗದವರಾಗಿಯೇ ಉಳಿದು, ಕೊನೆಗೊಂದು ದಿನ ರಾಮದುರ್ಗಕ್ಕೇ ಹೋಗಿ ಮಣ್ಣಾಗಬೇಕು. ಅಥವಾ ಒಕ್ಕಲುತನ ಎಂದು ಹೇಳಿ ಒಂದು ಕುರುಪಿ ಹಿಡಿದು ಕಸ ಕಿತ್ತರೆ ಮುಗಿಯುತ್ತಿತ್ತು. ಆದರೆ ಸುಳ್ಳಿಗೆ ಗಿರಾಕಿ ಇರಬೇಕು. ರಾಮವ್ವ ಊರಿಗೆಲ್ಲ ಹೇಳಿಯಾಗಿತ್ತು, ಕತ್ತಿನ ಮಣಿಯನ್ನು ಕೈಬೆರಳಲ್ಲಿ ಮಾಡಿ ತೋರಿಸಿಯೂ ಆಗಿತ್ತು.

ಭಾನುವಾರದ ಸಭೆಗೆ ಇನ್ನೂರು ಜನ ಸೇರಿದ್ದರು. ಅಜ್ಜಾರು ಗಂಭೀರವಾಗಿ ಗಾದಿಯ ಮೇಲೆ ಕೂತಿದ್ದರು. ಎಲುಬುಗಳನ್ನು ಪೆಟ್ಟಿಗೆಗೆ ತುಂಬಿಸಿ ಮುಗಿಸಿದ್ದ ಮಹಾನಂದಾ ಅವರನ್ನೂ ಮಾಂತೇಶಗೌಡನೇ ಕರೆಸಿ, ಮುಂದಿನ ಸಾಲಿನಲ್ಲಿ ಕೂರಿಸಿದ್ದ. ಮೊದಲು ಅವನು ಮೆಟ್ಟಿಲು ಹತ್ತಿ, ಏಳು ಗದ್ದುಗೆಗಳ ಹೆಸರು ಹೇಳಿ, ಕಾಯಕ ಗೌಡಕಿ ಎಂದು ಹೇಳಿ ಇಳಿದ. ಆಮೇಲೆ ನಿಜಗುಣಪ್ಪ ಹತ್ತಿದರು.

"ಹಿರಿಯಾಕಿ ಹೆಸರು ಗೊತ್ತಿಲ್ಲ. ಗದ್ದುಗಿ ನಮ್ಮ ಎರಿ ಹೊಲದಾಗ. ಅಜ್ಜಾರು ಪಾದ ಇಟ್ಟಾರ."

"ಕಾಯಕ?" ಎಂದ ಮಾಂತೇಶಗೌಡ.

"ಹೊರಿ ಹೊರೂದು," ಎಂದರು ನಿಜಗುಣಪ್ಪ.

ಹಿಂದಿನಿಂದ ಯಾರೋ ನಕ್ಕರು. ಅಜ್ಜಾರು ಆ ಕಡೆ ನೋಡಿದ ಮೇಲೆ ನಗು ನಿಂತಿತು.

ಮಾಂತೇಶಗೌಡ ಎದ್ದು ನಿಂತ. "ಒಂದ ಪ್ರಶ್ನಿ ಐತ್ರಿ ಅಜ್ಜಾರ. ಅಕ್ಕಾರ, ಆ ಹೆಂಗಸು ಎಷ್ಟ ವರ್ಷದ ಹಿಂದಿನಾಕಿ?"

"ಆಕಿ ತಗ್ಗಿನ್ಯಾಗ ಸಿಕ್ಕ ಗಡಿಗಿ ಚೂರು ನೋಡಿದ್ರ ಎರಡು ಸಾವಿರ ವರ್ಷದ ಮ್ಯಾಲೆ," ಎಂದರು ಮಹಾನಂದಾ. "ಖಚಿತ ಆಗಬೇಕಂದ್ರ ಪರೀಕ್ಷೆ ಆಗಬೇಕು."

"ಬಸವಣ್ಣನವರು ಬಂದು ಒಂಬೈನೂರು ವರ್ಷ ಆಗಿಲ್ಲ. ಅಷ್ಟ ಹಿಂದ ನಮ್ಮವರು ಎಲ್ಲಿದ್ರು?"

"ರೂಢಿಯಾಗ ಇಸವಿ ಇಲ್ಲ," ಎಂದರು ಅಜ್ಜಾರು. "ಸೀಮಿಯೊಳಗ ಇರಬೇಕು ಅಂತೈತಿ. ಸೀಮಿಯೊಳಗ ಐತಿ."

ವಿಷಯ ಅಲ್ಲಿಗೆ ಮುಗಿಯುತ್ತಿತ್ತು. ನಿಜಗುಣಪ್ಪ ಮೆಟ್ಟಿಲು ಇಳಿಯಲು ಒಂದು ಕಾಲು ಕೆಳಗಿಟ್ಟಿದ್ದರು. ಆಗ ಕಟ್ಟೆಯಾಚೆ, ಬೇವಿನ ಮರದ ಕೆಳಗೆ, ತನ್ನ ಕೇರಿಯವರ ನಡುವೆ ಕೂತಿದ್ದ ಮಾಳಪ್ಪ ಎದ್ದ. ಸಭೆಯಲ್ಲಿ ಅವನು ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಅಜ್ಜಾರ, ನಮ್ಮದೂ ಒಂದ ಐತ್ರಿ."

"ಏನೈತಿ?"

"ಹಿರಿಯಾಂದು. ಆ ಇನ್ನೊಬ್ಬ ಮಲಗ್ಯಾನಲ್ರಿ, ಮಣಿ ಹಾಕ್ಕೊಂಡು. ಅಂವ ನಮ್ಮಾಂವ."

"ನಿಮ್ಮಾಂವ ಹೆಂಗ ಆಗತಾನಲೇ?" ಎಂದ ಮಾಂತೇಶಗೌಡ.

"ನಮ್ಮಲ್ಲೆ ಮಲಗಸ್ತಾರಲ್ರಿ ಗೌಡ್ರ. ಕುಂತಾಕಿ ಸಾವ್ಕಾರ್ರಾಕಿ ಆದ್ರ ಮಲಗಿದಾಂವ ನಮ್ಮಾಂವ. ನಮ್ಮ ಪೂಜಾರಿ ಬೀರಪ್ಪ ಬಂದು ಬಂಡಾರನೂ ಹಚ್ಯಾನ."

ಮಹಾನಂದಾ ತಲೆ ಎತ್ತಿದರು. "ಆ ಅರಿಶಿಣ ನಿಮ್ಮದಾ?"

"ಹೌದ್ರಿ ಅಕ್ಕಾರ. ತಪ್ಪಾತೇನ್ರಿ?"

"ಒಂದ ಇಡೀ ದಿನ ತಿಕ್ಕೇನಿ."

ಈ ಸಲ ನಕ್ಕವರನ್ನು ಅಜ್ಜಾರೂ ತಡೆಯಲಿಲ್ಲ. ಮಾಂತೇಶಗೌಡ ಮಾತ್ರ ಲೆಕ್ಕ ಹಾಕುತ್ತಿದ್ದ. ಲೆಕ್ಕ ಹಾಕಿ ಮುಗಿದ ಮೇಲೆ ಅವನ ಮುಖ ಅರಳಿತು.

"ಅಡ್ಡಿ ಇಲ್ಲ. ಹಂಗಾದ್ರ ಕಾಕಾ, ಲೆಕ್ಕ ಹಿಂಗಾತು. ಹೊಲದ ಒಡೆಯ ಮಾಳಪ್ಪನ ಹಿರಿಯ. ಅವನ ಮನಿಗೆ ನಿಮ್ಮ ಹಿರಿಯಾಕಿ ಹೊರಿ ಹೊತ್ತಾಳ. ಮಾಳಪ್ಪಾ, ನೀ ಸಾವ್ಕಾರಪಾ!"

"ಇಬ್ಬರೂ ಒಂದ ಕಾಲದವರು ಅಂತ ಇನ್ನೂ ಸಾಬೀತಾಗಿಲ್ರಿ," ಎಂದರು ಮಹಾನಂದಾ. ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿಜಗುಣಪ್ಪ ಮೆಟ್ಟಿಲ ಮೇಲೆ ಹಾಗೆಯೇ, ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ ನಿಂತಿದ್ದರು. ಅಜ್ಜಾರು ಅವರನ್ನೇ ನೋಡಿದರು.

"ಒಂದ ಹೊಲ. ಒಂದ ಮಾತಿನ ಮ್ಯಾಲೆ ಇಬ್ಬರದೂ ನಿಂತೈತಿ," ಎಂದರು. "ಅವನದು ಸುಳ್ಳಂದ್ರ ನಿಂದೂ ಸುಳ್ಳು. ನಿಂದು ಖರೆ ಅಂದ್ರ ಅವನದೂ ಖರೆ. ಇಬ್ಬರನೂ ಸಮಿತಿಗೆ ತಗೋಬೇಕು, ಇಲ್ಲಾ ಇಬ್ಬರನೂ ಬಿಡಬೇಕು. ಹೊಲ ನಿಂದು. ನೀ ಹೇಳು."

ಮಾಳಪ್ಪ ಮರದ ಕೆಳಗೆ ನಿಂತೇ ಇದ್ದ. ಟವೆಲ್ಲನ್ನು ಹೆಗಲಿಂದ ತೆಗೆದಿರಲಿಲ್ಲ. ಸಾವ್ಕಾರರ ಎದುರಿಗೆ ಅವನು ಟವೆಲ್ ತೆಗೆಯದೆ ನಿಂತದ್ದು ಅದೇ ಮೊದಲು ಎಂದು ನಿಜಗುಣಪ್ಪನವರಿಗೆ ತೋರಿತು. ಮಾಳಪ್ಪನ ಅಪ್ಪ, ಮುತ್ಯಾ, ಮುತ್ಯಾನ ಮುತ್ಯಾ ಇದೇ ಊರಿನ ಮಣ್ಣಿನಲ್ಲಿ, ಗದ್ದುಗೆ ಎನಿಸಿಕೊಳ್ಳದೆ, ಮಲಗಿದ್ದರು. ಅವನನ್ನು ಯಾರೂ ಎಲ್ಲಿಂದಲೋ ಬಂದವನು ಎಂದು ಕರೆದಿರಲಿಲ್ಲ, ಒಳಗೂ ಕರೆದಿರಲಿಲ್ಲ. ನಿಜಗುಣಪ್ಪ ಇದನ್ನು ಹಿಂದೆ ಯೋಚಿಸಿರಲಿಲ್ಲ. ಈಗಲೂ ಬಹಳ ಯೋಚಿಸಲು ಹೊತ್ತಿರಲಿಲ್ಲ, ಜನ ಕಾಯುತ್ತಿದ್ದರು.

"ತಗೊಳ್ರಿ," ಎಂದರು. "ಇಬ್ಬರನೂ ತಗೊಳ್ರಿ."

ಕೈ ಎತ್ತಿಸಿ ಎಣಿಸಿದಾಗ ಮಾಳಪ್ಪನ ಕೇರಿಯ ಕೈಗಳೆಲ್ಲ ನಿಜಗುಣಪ್ಪನವರ ಕಡೆ ಎದ್ದವು. ಅಧ್ಯಕ್ಷರಾಗಿ ನಿಜಗುಣಪ್ಪ ರಾಮದುರ್ಗ, ಸಮಿತಿಯ ಹೊಸ ಸದಸ್ಯನಾಗಿ ಮಾಳಪ್ಪ ಆಯ್ಕೆಯಾದರು. ಮಾಂತೇಶಗೌಡ ಇಬ್ಬರಿಗೂ ಹಾರ ಹಾಕಿದ.

"ಮಾಳಪ್ಪನ ಕಾಯಕ ಯಾವುದು?" ಎಂದು ಯಾರೋ ಕೇಳಿದರು.

ಎಲ್ಲರೂ ಮಹಾನಂದಾ ಅವರ ಕಡೆ ತಿರುಗಿದರು.

"ನಾ ಆಗಲೇ ಹೇಳೇನಿ," ಎಂದರು ಅವರು. "ಭಾರಾ ಹೊತ್ತಿಲ್ಲ. ಅಷ್ಟ ಗೊತ್ತು."

ಅಜ್ಜಾರು ತೀರ್ಮಾನ ಹೇಳಿದರು. "ಕುಂದರಲಿ."

ಸೋಮವಾರ ಬೆಳಿಗ್ಗೆ ದೇವಸ್ಥಾನದ ಅಂಗಳದಲ್ಲಿ ಕಲ್ಲಿನ ರಾಶಿಯ ಪಕ್ಕ ಒಂದು ಬುಟ್ಟಿ, ಎದುರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇಡಲಾಯಿತು. ರಾಮವ್ವ ಹಳೆಯ ಸೀರೆಯ ತುಂಡನ್ನು ಹೊರಳಿಸಿ ಸಿಂಬಿ ಮಾಡಿ ನಿಜಗುಣಪ್ಪನವರ ತಲೆಯ ಮೇಲೆ ಇಟ್ಟಳು. ಟೋಪಿಯನ್ನು ಚನ್ನವ್ವ ಹಿಡಿದುಕೊಂಡರು.

"ಕೆಳಗ ನೋಡಬ್ಯಾಡ್ರಿ ಸಾವ್ಕಾರ್ರ. ಮುಂದ ನೋಡ್ರಿ. ಕತ್ತು ಬಿಗೀಬ್ಯಾಡ್ರಿ."

"ಬಿಗೀದ ಇದ್ರ ಬೀಳತೈತಿ."

"ಬಿಗದ್ರ ಕತ್ತ ಹೋಗತೈತ್ರಿ. ಬಿದ್ರ ಕಲ್ಲ ಬೀಳತೈತಿ, ಅಷ್ಟ."

ಮೊದಲ ಬುಟ್ಟಿಯಲ್ಲಿ ನಾಲ್ಕು ಕಲ್ಲಿದ್ದವು. ಎರಡು ಸಾಕು ಎಂದು ಚನ್ನವ್ವ ಹೇಳಿದರು, ನಿಜಗುಣಪ್ಪ ನಾಲ್ಕೂ ಇರಲಿ ಅಂದರು. ಅಂಗಳದ ಆ ತುದಿಗೆ ಹೋಗಿ ಇಳಿಸಿ ಬರುವಷ್ಟರಲ್ಲಿ ಅವರ ಬಾಯಿ ತೆರೆದುಕೊಂಡಿತ್ತು. ಎರಡನೆಯ ಬುಟ್ಟಿಗೆ ಮಾಳಪ್ಪ ಕುರ್ಚಿಯಿಂದ ಎದ್ದು ಓಡಿಬಂದು ಕೈಕೊಡಲು ಹೋದ. ಸುತ್ತ ನಿಂತವರು ಅವನನ್ನು ಹಿಡಿದು ಮತ್ತೆ ಕೂರಿಸಿದರು. ಮೂರನೆಯ ಬುಟ್ಟಿಗೂ ಹಾಗೆಯೇ ಆಯಿತು.

"ಸುಮ್ನ ಕುಂದರೋ ಮಾಳಪ್ಪಾ," ಎಂದು ನಿಜಗುಣಪ್ಪ ಬುಟ್ಟಿಯ ಕೆಳಗಿನಿಂದ ಗದರಿದರು. "ಕಾಯಕ ಮಾಡಾಕ ಬರೂದಿಲ್ಲೇನು?"

"ಬರವಲ್ದ್ರಿ ಸಾವ್ಕಾರ್ರ. ಕಾಲ ಜೋಮ ಹಿಡದಾವು."

ಆರನೆಯ ಬುಟ್ಟಿಯ ಮೇಲೆ ಅಜ್ಜಾರು ಸಾಕೆಂದರು. ನಿಜಗುಣಪ್ಪ ಏಳನೆಯದನ್ನೂ ಹೊತ್ತು ಇಳಿಸಿದರು. ಎರಡು ಟ್ರ್ಯಾಕ್ಟರ್ ಕಲ್ಲಿನಲ್ಲಿ ಉಳಿದದ್ದನ್ನು ಮಧ್ಯಾಹ್ನದ ಮೇಲೆ ರಾಮವ್ವ ಮತ್ತು ಇನ್ನು ಮೂವರು ಹೆಂಗಸರು ಹೊತ್ತು ಹಾಕಿದರು. ಅಷ್ಟರಲ್ಲಿ ಎಲುಬಿನ ಪೆಟ್ಟಿಗೆಗಳನ್ನು ಹೇರಿಕೊಂಡ ಜೀಪು ಬೈಲಹೊಂಗಲ ದಾಟಿ ಧಾರವಾಡದ ರಸ್ತೆ ಹಿಡಿದಿತ್ತು.

ಮಂಗಳವಾರ ಬೆಳಿಗ್ಗೆ ಮಾಳಪ್ಪ ಎಂದಿನಂತೆ ಜೋಳ ಕೊಯ್ಯಲು ನಿಜಗುಣಪ್ಪನವರ ಹೊಲಕ್ಕೆ ಬಂದ.